ಗಾಂಧಿ ಹತ್ಯೆಯ ಪೇಪರ್: ದುಡ್ಡು ಕೊಡುವ ಮೊದಲು

ಗಾಂಧೀಜಿ ಹತ್ಯೆಯ ಮರುದಿನದ ‘ಪ್ರಜಾವಾಣಿ’ ಮಂಗಳೂರಿನ ಗುಜರಿ ಅಂಗಡಿಯಲ್ಲಿದೆ, ನಾಲ್ಕು ಸಾವಿರ ಹೇಳ್ತಿದ್ದಾರೆ, ತೆಗೊಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ! ಹತ್ಯೆ ಆದದ್ದು 1948ರ ಜನವರಿ 30ರ ಸಂಜೆ. ‘ಪ್ರಜಾವಾಣಿ’ ಶುರುವಾದದ್ದೇ ಆ ವರ್ಷದ ಅಕ್ಟೋಬರಿನಲ್ಲಿ. ನಾಳೆ ‘ಉದಯವಾಣಿ’ ತೋರಿಸಿದರೆ ನಕ್ಕುಬಿಡಿ, ಅದು ಹುಟ್ಟಿದ್ದು 1970ರಲ್ಲಿ. 1948ರಲ್ಲಿ ಮಂಗಳೂರಿನಿಂದ ಬರುತ್ತಿದ್ದದ್ದು ‘ನವಭಾರತ’. ಅದರ 31ನೇ ತಾರೀಕಿನ ಪ್ರತಿ ಸಿಕ್ಕಿದರೆ ನನಗೂ ಒಂದು ಮಾತು ಹೇಳಿ.

ಯಾವ ಪೇಪರಾದರೂ ಮೊದಲು ಬೆರಳಾಡಿಸಿ ನೋಡಿ. ಆಗೆಲ್ಲ ಅಚ್ಚುಮೊಳೆ (ಸೀಸದ ಬಿಡಿ ಅಕ್ಷರ) ಜೋಡಿಸಿ ಅಚ್ಚು ಹಾಕುತ್ತಿದ್ದದ್ದು, ದಪ್ಪ ತಲೆಬರಹ ಒತ್ತಿದ ಗುರುತು ಹಿಂಬದಿಯಲ್ಲಿ ಕೈಗೆ ಸಿಗುತ್ತದೆ. ಅಂಚು ಕಂದು, ಮಡಿಕೆಯಲ್ಲಿ ಪುಡಿ ಪುಡಿ ಇರಬೇಕು. ಹಾಳೆಯಿಡೀ ಒಂದೇ ಸಮ ಹಳದಿಯಾಗಿದ್ದು ಹಿಂಬದಿ ಖಾಲಿ ಇದ್ದರೆ ಅದು ಮರುಮುದ್ರಣವೇ.

ಹೊಸದಾಗಿ ಸಂಗ್ರಹ ಮಾಡುವವರಿಗೆ ಇಂದಿರಾ ಹತ್ಯೆಯ ಪತ್ರಿಕೆಗಳು ಸುಲಭ. 1984ರ ನವೆಂಬರ್ 1ರದ್ದು, ರಾಜ್ಯೋತ್ಸವದ ದಿನದ್ದೇ. ಆ ತಿಂಗಳ ‘ತರಂಗ’, ‘ಸುಧಾ’ಗಳನ್ನೂ ಹುಡುಕಿ, ಹಳೇ ಮನೆಗಳ ಅಟ್ಟದಲ್ಲಿ ಇರ್ತವೆ.

ಲ್ಯಾಮಿನೇಶನ್, ಸೆಲ್ಲೊಟೇಪ್ ಎರಡೂ ಬೇಡ. ರಾಜೀವ್ ಗಾಂಧಿ ಹತ್ಯೆಯ 1991ರ ಪುಟ ಹರಿದದ್ದಕ್ಕೆ ನಾನು ಟೇಪ್ ಹಚ್ಚಿದ್ದೆ; ಈಗ ತಲೆಬರಹದ ಮೇಲೆ ಚಹಾ ಬಣ್ಣದ ಪಟ್ಟೆ, ಟೇಪ್ ಮಾತ್ರ ಎದ್ದು ಹೋಗಿದೆ. ನಮ್ಮ ಮಳೆಗಾಲಕ್ಕೆ ಸ್ಟೀಲ್ ಪೆಟ್ಟಿಗೆಯಲ್ಲಿ ಮಡಿಚದೆ ಮಲಗಿಸಿಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪೆಟ್ಟಿಗೆ ಗೋಡೆಗೆ ತಾಗಿರಬಾರದು, ಒರಲೆ ಬರುವುದೇ ಅಲ್ಲಿಂದ.