ಬ್ಯಾಗ್ ಕಟ್ಟಿಟ್ಟರೆ ನಂಬಿಕೆ ಕಡಿಮೆ ಅಂತ ಅರ್ಥವೇ?

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಹತ್ತಿರ, ಗುಡ್ಡದ ಇಳಿಜಾರಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಿದ್ದನ್ನು ಕಂಡ ಮೇಲೆ ಪ್ರತಿ ಮಳೆಗಾಲಕ್ಕೂ, ತುರ್ತಾಗಿ ಮನೆ ಬಿಡಬೇಕಾದರೆ ಇರಲಿ ಅಂತ ಒಂದು ಬ್ಯಾಗ್ ಕಟ್ಟಿಡುತ್ತೇನೆ. ಅತ್ತೆಗೆ ಬೇಸರ. ‘ನಾಳೆಯ ಚಿಂತೆ ಬೇಡ ಅಂತ ಯೇಸುಸ್ವಾಮಿ ಹೇಳಿಲ್ವಾ, ನಿನಗೆ ಪ್ರಾರ್ಥನೆ ಸಾಲದಾ?’ ಅನ್ನುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?

ಉತ್ತರ: ತಪ್ಪಲ್ಲ ತಂಗಿ. ಈ ವರ್ಷವೂ ಕಟ್ಟಿಡಿ.

ಅತ್ತೆಯವರು ಹೇಳುವ ಮಾತು ಬೈಬಲ್‌ನ ಮತ್ತಾಯ 6ನೇ ಅಧ್ಯಾಯದಲ್ಲಿದೆ. ಅಲ್ಲಿ ಯೇಸು ಬೇಡ ಅಂದಿದ್ದು ಚಿಂತೆಯನ್ನು, ಕೆಲಸವನ್ನಲ್ಲ. ಎರಡು ಅಧ್ಯಾಯ ಹಿಂದಕ್ಕೆ ಹೋಗಿ ನೋಡಿ. ದೇವದೂತರು ಎತ್ತಿ ಹಿಡೀತಾರೆ, ದೇವಾಲಯದ ಮೇಲಿಂದ ಧುಮುಕು ಅಂತ ಸೈತಾನ ಕೆಣಕುತ್ತಾನೆ. ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ನಿರಾಕರಿಸುತ್ತಾರೆ. ಬಿರುಕು ಬಿಟ್ಟ ಗುಡ್ಡದ ಕೆಳಗೆ ಸುಮ್ನೆ ಕೂರುವುದೂ ನನಗೆ ಹಾಗೇ ಕಾಣುತ್ತದೆ.

ಹಳೆ ಒಡಂಬಡಿಕೆಯ ಯೋಸೇಫ ಏನು ಮಾಡಿದ? ಐಗುಪ್ತದಲ್ಲಿ, ಅಂದರೆ ಈಜಿಪ್ಟ್‌ನಲ್ಲಿ, ಏಳು ವರ್ಷ ಒಳ್ಳೆ ಬೆಳೆ ಬಂದಾಗ ಐದರಲ್ಲಿ ಒಂದು ಪಾಲು ಕೂಡಿಡಿಸಿದ. ಬರ ಬಂದಾಗ ಬೇರೆ ದೇಶದವರೂ ಅವನ ಬಾಗಿಲಿಗೆ ಬಂದರು. ಲೂಕ 12ರ ಐಶ್ವರ್ಯವಂತನೂ ಕೂಡಿಟ್ಟ, ಆದರೆ ಅವನ ಲೆಕ್ಕದಲ್ಲಿ ಅವನೊಬ್ಬನೇ ಇದ್ದ. ದೇವರು ಅವನನ್ನು ಬುದ್ಧಿಹೀನ ಅಂದರು. ಹಾಗಾಗಿ ಪಕ್ಕದ ಮನೆಗೂ ಆಗುವಷ್ಟು ಎರಡು ಕೆಜಿ ಅಕ್ಕಿ ಜಾಸ್ತಿ ಇಟ್ಟುಕೊಳ್ಳಿ.

ಅಕ್ಕಿ, ಬೇಳೆ, ಸೀಮೆಎಣ್ಣೆ, ಒಬ್ಬೊಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು, ಇವೆಲ್ಲ ರಸ್ತೆ ಬಂದ್ ಆಗಿ ಮನೆಯಲ್ಲೇ ಉಳಿಯಬೇಕಾದಾಗ. ಬ್ಯಾಗ್ ಓಡುವ ಹೊತ್ತಿಗೆ, ಅದು ಹಗುರವಾಗಿರಲಿ. ಆಧಾರ್, ಆರ್‌ಟಿಸಿ, ಪಾಸ್‌ಬುಕ್‌ಗಳನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಟಾರ್ಚ್, ಒಂದು ವಾರದ ಮಾತ್ರೆ, ಸ್ವಲ್ಪ ನಗದು, ಒಂದು ಬಾಟಲಿ ನೀರು, ಅವಲಕ್ಕಿ, ಬೆಲ್ಲ ಸಾಕು. ಬ್ಯಾಗ್ ಬೀರುವಿನೊಳಗೆ ಬೇಡ, ಕತ್ತಲಲ್ಲೂ ಕೈಗೆ ಸಿಗುವಂತೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ.

ಇದು ಮುಖ್ಯ, ಅತ್ತೆಗೂ ಓದಿ ಹೇಳಿ. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ತೊರೆ ನೀರು, ವಾಲಿದ ಮರ ಅಥವಾ ಕಂಬ, ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದು ಇವತ್ತು ಹಿಡಿದುಕೊಂಡ ಬಾಗಿಲು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಪ್ರಾರ್ಥನೆ ದಾರಿಯಲ್ಲಿ ಮಾಡಬಹುದು. ತೊರೆಯ ದಾರಿ ಬಿಟ್ಟು, ಇಳಿಜಾರಿನಿಂದ ದೂರದ ಗಟ್ಟಿ ಜಾಗಕ್ಕೆ ಹೋಗಿ 112ಕ್ಕೆ ಫೋನ್ ಮಾಡಿ.

ನಿಮ್ಮ ಸಭೆಯಲ್ಲೂ ಮಾತಾಡಿ. ಬರ ಬರುತ್ತದೆ ಅಂತ ಪ್ರವಾದಿ ಅಗಬ ಹೇಳಿದಾಗ ಅಂತಿಯೋಕ್ಯ ಪಟ್ಟಣದ ವಿಶ್ವಾಸಿಗಳು ತಮ್ಮ ಕೈಲಾದಷ್ಟು ಹಣ ಕೂಡಿಸಿ ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯದ ಸಹೋದರರಿಗೆ ಕಳಿಸಿದ್ದರು, ಅಲ್ವಾ? ಮೇ ತಿಂಗಳಲ್ಲೇ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಬರೆದಿಡಿ. ಇಳಿಜಾರಿನಲ್ಲಿ ಒಂಟಿಯಾಗಿರುವ ವಯಸ್ಸಾದವರು ಯಾರು, ಜೀಪ್ ಇರುವವರು ಯಾರು, ಯಾರ ಮನೆಗೆ ಯಾರು ಹೋಗಬೇಕು. ಬೇರೆ ಧರ್ಮದ ನೆರೆಯವರ ಹೆಸರೂ ಆ ಪಟ್ಟಿಯಲ್ಲಿರಲಿ. ಅತ್ತೆಗೆ ಊರಿನ ಪ್ರತಿ ಮನೆಯೂ ಗೊತ್ತಿರುತ್ತದೆ. ಪಟ್ಟಿ ಹೇಳಿಸಲು ಅವರನ್ನೇ ಕೂರಿಸಿ.