ಸೂಜಿ ಕೆಳಗಿಡಿ, ಅದು ನಿಮ್ಮ ಅಜ್ಜಿಯ ಬಾಚಣಿಗೆ

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಕಲ್ಲು ಕೂರಿಸಿದ, ಕಂದುಬಣ್ಣದ ಮುಡಿ ಬಾಚಣಿಗೆ ಸಿಕ್ಕಿದೆ. ಆಮೆ ಚಿಪ್ಪಿನದೋ, ಪ್ಲಾಸ್ಟಿಕ್ಕಿನದೋ? ಕಾದ ಸೂಜಿ ಚುಚ್ಚಿ ನೋಡಿ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಮಾಡಲಾ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟನೇ ಸಲ ಬಂತು ಅನ್ನೋ ಲೆಕ್ಕ ಬಿಟ್ಟಿದ್ದೇನೆ. ಮೊದಲು ಸೂಜಿ ಕೆಳಗಿಡಿ, ಆಮೇಲೆ ಮಾತಾಡೋಣ.

ಸೂಜಿ ತಾಗಿದರೆ ಚಿಪ್ಪು, ಕೊಂಬು ಎರಡೂ ಕೂದಲು ಸುಟ್ಟ ವಾಸನೆ ಕೊಡುತ್ತವೆ, ನಿಜ. ಆದರೆ ಕೈಲಿರುವುದು ಸೆಲ್ಯುಲಾಯ್ಡ್ ಆಗಿದ್ದರೆ? ಆಮ್ಲದಲ್ಲಿ ಪಳಗಿಸಿದ ಹತ್ತಿಗೆ ಕರ್ಪೂರ ಬೆರೆಸಿ ಮಾಡಿದ ವಸ್ತು ಅದು. ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಹತ್ತಿಕೊಳ್ಳೋದು ನೋಡಿದ್ದೀರಲ್ಲ? ಇದು ಅದಕ್ಕಿಂತ ಜೋರು. ಕಲಿಯುವ ಕಾಲದಲ್ಲಿ ನಾನೂ ಒಬ್ಬ ವ್ಯಾಪಾರಿಯ ಮಾತು ಕೇಳಿ ಚುಚ್ಚಿದ್ದೆ. ಭುಸ್ಸೆಂದು ಬಾಚಣಿಗೆಯ ಮೂರು ಹಲ್ಲು ಹೋದವು. ಜೊತೆಗೆ ನನ್ನ ಎಡಹುಬ್ಬು.

ಅಮೆರಿಕದ ಜಾನ್ ವೆಸ್ಲಿ ಹಯಾಟ್ ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಬೇರೇನಾದರೂ ಸಿಗುತ್ತಾ ಅಂತ ಹುಡುಕುತ್ತಿದ್ದ. 1870ರಲ್ಲಿ ಈ ಸೆಲ್ಯುಲಾಯ್ಡ್‌ಗೆ ಪೇಟೆಂಟ್ ಪಡೆದ. ಆದರೆ ಚೆಂಡಿಗಿಂತ ಬಾಚಣಿಗೆಗೇ ಇದು ಒಗ್ಗಿದ್ದು. ಕಾರಣ ಸರಳ. ಮ್ಯಾಸಚೂಸೆಟ್ಸ್‌ನ ಲೆಮಿನ್‌ಸ್ಟರ್, ಫ್ರಾನ್ಸಿನ ಒಯೊನಾ ಮೊದಲೇ ಬಾಚಣಿಗೆ ಊರುಗಳು. ಕೊಂಬನ್ನು ಕಾಯಿಸಿ, ಒತ್ತಿ, ಚಪ್ಪಟೆ ಮಾಡಿ ಹಲ್ಲು ಕೊಯ್ಯುವುದು ಅಲ್ಲಿನ ಕಸುಬುದಾರರಿಗೆ ಗೊತ್ತಿತ್ತು. ಸೆಲ್ಯುಲಾಯ್ಡ್ ಹಾಳೆಯೂ ಶಾಖಕ್ಕೆ ಹಾಗೇ ಬಗ್ಗುತ್ತೆ. ಜೊತೆಗೆ, ಬೇಕಾದ ಬಣ್ಣವನ್ನು ಒಳಗೇ ಕಲಸಬಹುದು. ಆಮೆ ಚಿಪ್ಪಿನ ಮಚ್ಚೆ, ದಂತದ ಗೆರೆ, ಎಲ್ಲವನ್ನೂ. ಬೆಂಕಿಯ ಭಯ ಮಾತ್ರ ಆ ಕಾರ್ಖಾನೆಗಳನ್ನು ಕೊನೆವರೆಗೂ ಬಿಡಲಿಲ್ಲ.

ಹಾಗಾದರೆ ಗುರುತಿಸೋದು ಹೇಗೆ? ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ, ತಕ್ಷಣ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಆದರೆ ಟ್ರಂಕಿನಿಂದ ತೆಗೆದ ದಿನವೇ ಮೂಸಬೇಡಿ. ನಮ್ಮ ಅಜ್ಜಿಯರು ಬಟ್ಟೆ ನಡುವೆ ಕರ್ಪೂರ ಇಡುತ್ತಿದ್ದರು, ಅದೇ ಮೂಗಿಗೆ ಹೊಡೆಯುತ್ತೆ. ನಾಲ್ಕು ದಿನ ಗಾಳಿಗಿಡಿ. ಆಮೇಲೆ ಭೂತಗನ್ನಡಿ ಹಿಡಿದು ಮಚ್ಚೆಯ ಅಂಚು ನೋಡಿ. ನಿಜವಾದ ಚಿಪ್ಪಿನಲ್ಲಿ ಮಚ್ಚೆ ಅಂದರೆ ಸಣ್ಣ ಸಣ್ಣ ಚುಕ್ಕೆಗಳ ಗುಂಪು. ಅಂಚಿಗೆ ಬಂದಂತೆ ಚುಕ್ಕೆ ವಿರಳವಾಗುತ್ತಾ ಹೋಗುತ್ತೆ. ನಕಲಿಯಲ್ಲಿ ಬಣ್ಣ ಕಲಸಿದ ಸುಳಿ ಕಾಣುತ್ತೆ.

ಚಿಪ್ಪೇ ಆಗಿದ್ದರೆ ಮಾರುವ ಆಸೆ ಬಿಡಿ. ಇಂಥ ಚಿಪ್ಪು ಹಾಕ್ಸ್‌ಬಿಲ್ ಕಡಲಾಮೆಯದು, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ‘ಎಷ್ಟಕ್ಕೆ ಹೋಗುತ್ತೆ’ ಅಂತ ನನ್ನನ್ನು ಕೇಳಲೂಬೇಡಿ. ಸೆಲ್ಯುಲಾಯ್ಡ್ ಆಗಿದ್ದರೆ ‘ಅಯ್ಯೋ, ಬರೀ ಪ್ಲಾಸ್ಟಿಕ್ಕಾ’ ಅಂತ ಮುಖ ಸಣ್ಣ ಮಾಡಬೇಡಿ. ಜನ ಬಳಸಿದ ಮೊದಮೊದಲ ಪ್ಲಾಸ್ಟಿಕ್ ಅದು. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಿಡಬೇಡಿ. ಹಳತಾದಂತೆ ಅದು ಆಮ್ಲದ ಆವಿ ಬಿಡುತ್ತೆ, ಗಾಳಿಯಾಡದಿದ್ದರೆ ತನ್ನನ್ನು ತಾನೇ ತಿನ್ನುತ್ತೆ, ಪಕ್ಕದಲ್ಲಿರುವ ಲೋಹವನ್ನೂ ಕೆಡಿಸುತ್ತೆ.

ಪ್ರಶ್ನೆ: ಶ್ರೀಗಂಧದ ಬಾಚಣಿಗೆ ಬಳಸಿದರೆ ಕೂದಲು ಉದುರೋದು ನಿಲ್ಲುತ್ತಾ?

ಉತ್ತರ: ಇಲ್ಲ. ಹಾಗಂತ ಮಾರುವವನ ತಲೆ ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಬಾಚಣಿಗೆ ಕಂಡುಹಿಡಿದವರು ಯಾರು?

ಉತ್ತರ: ಹೇನು. ತಮಾಷೆ ಅಲ್ಲ. ಇಸ್ರೇಲಿನ ಲಾಕೀಶ್‌ನಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯದೆನ್ನುವ ದಂತದ ಬಾಚಣಿಗೆ ಮೇಲೆ ತಲೆ, ಗಡ್ಡದ ಹೇನು ತೊಲಗಲಿ ಎಂಬ ಹಾರೈಕೆ ಕೊರೆದಿದೆ.

ಪ್ರಶ್ನೆ: ಗರಿ ಬಿಚ್ಚಿದ ನವಿಲಿನ ಹಾಗೆ ತಲೆ ಮೇಲೆ ಬಾಚಣಿಗೆ ಹೊತ್ತ ಹೆಂಗಸಿನ ಚಿತ್ರ ವಾಟ್ಸಾಪ್‌ನಲ್ಲಿ ಬಂತು. ಎಐ ಚಿತ್ರ ಅಲ್ವಾ?

ಉತ್ತರ: ಅಲ್ಲದೇ ಇರಬಹುದು. 1830ರ ದಶಕದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಹೆಂಗಸರು ಪೈನೆಟೋನ್ ಅನ್ನೋ ಇಂಥದ್ದನ್ನೇ ಮುಡಿಯುತ್ತಿದ್ದರು. ಸ್ಪೇನಿನಿಂದ ಬಂದ ಮಾನ್ಯುಯೆಲ್ ಮಾಸ್ಕುಲಿನೊ ಎಂಬ ಕಸುಬುದಾರ ಇದಕ್ಕೆ ಹೆಸರುವಾಸಿ. ಕೆಲವು ಒಂದು ಮೀಟರ್‌ಗೂ ಜಾಸ್ತಿ ಅಗಲ. ಇವುಗಳಿಂದ ಬೀದಿಯಲ್ಲಿ ಗಂಡಸರಿಗೆ ದಾರಿಯೇ ಸಿಗದಿರುವುದನ್ನು ತೋರಿಸುವ ವ್ಯಂಗ್ಯಚಿತ್ರಗಳನ್ನೇ ಬಾಕ್ಲ್ ಎಂಬ ಮುದ್ರಕ 1834ರಲ್ಲಿ ಅಚ್ಚು ಹಾಕಿದ್ದ.

ಪ್ರಶ್ನೆ: ಅಜ್ಜಿಯ ಸೆಲ್ಯುಲಾಯ್ಡ್ ಬಾಚಣಿಗೆಯನ್ನು ಮದುವೆಗೆ ನಾನೇ ಮುಡಿಯಬಹುದಾ?

ಉತ್ತರ: ಬಿರುಕಿಲ್ಲದಿದ್ದರೆ ಒಂದು ಗಂಟೆ ಮುಡಿಯಿರಿ. ಹೇರ್ ಡ್ರೈಯರ್ ದೂರ ಇರಲಿ. ಆರತಿ ತಟ್ಟೆ ಮಾತ್ರ ಬೇರೆಯವರ ಕೈಗೆ ಕೊಡಿ.