ಎರಡು ಪೇಪರ್, ಎರಡು ತೀರ್ಪು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಒಂದು ಕಾಲೇಜಿನ ಬಿ.ಎ. ವಿದ್ಯಾರ್ಥಿನಿ, ವಯಸ್ಸು 19, ಹಾಸ್ಟೆಲ್ ವಾಸ. ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಜೊತೆಗೆ ತತ್ವಶಾಸ್ತ್ರ ಓದುತ್ತಾಳೆ. ಈ ಸೆಮಿಸ್ಟರ್‌ನಲ್ಲಿ ನೀತಿಶಾಸ್ತ್ರದ ಪೇಪರ್ ಇದೆ. ತತ್ವಶಾಸ್ತ್ರ ಬಿಡಬೇಕು, ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ ಎಂದು ಕೇಳಲು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದಳು. ನಿದ್ದೆ ಸರಿಯಿಲ್ಲ ಅನ್ನೋದು ಮಾತಿನ ನಡುವೆ ಹೊರಬಂತು.

ಕ್ರಿಮಿನಾಲಜಿ ಅಸೈನ್‌ಮೆಂಟಿನಲ್ಲಿ ಅವಳು, ಘೋರ ಅಪರಾಧ ಮಾಡಿದ 16 ದಾಟಿದ ಹುಡುಗರನ್ನು ದೊಡ್ಡವರಂತೆಯೇ ವಿಚಾರಣೆ ಮಾಡಬೇಕು ಎಂದು ಬರೆದಿದ್ದಳು. ಆಮೇಲೆ ನೀತಿಶಾಸ್ತ್ರದ ಸೆಮಿನಾರ್ ಬರಹದಲ್ಲಿ ಅದು ಅನ್ಯಾಯ ಎಂದು ವಾದಿಸಿದಳು. ಎರಡಕ್ಕೂ ಒಳ್ಳೇ ಅಂಕ ಬಂತು. ರೂಮಿನ ಗೆಳತಿ "ಹಂಗಾದ್ರ ನಿಂದು ಯಾವುದು?" ಅಂದಳಂತೆ.

"ಎರಡೂ ನಾನೇ ಬರದೀನ್ರೀ ಮೇಡಂ. ಮಾರ್ಕ್ಸಿಗೆ ಸುಳ್ಳು ಬರದೆ ಅನಸ್ತದ."

ಇಷ್ಟಕ್ಕೇ ಯಾರ ನಿದ್ದೆಯೂ ಕೆಡುವುದಿಲ್ಲ. ಮತ್ತೆ ಕೇಳಿದೆ. ಎರಡು ಬರಹಗಳ ನಡುವೆ ಒಂದು ಭೇಟಿ ಇತ್ತು. ತರಗತಿಯವರು ಬಾಲಕರ ವೀಕ್ಷಣಾಲಯಕ್ಕೆ, ಅಂದರೆ ಅಪರಾಧದ ಆರೋಪ ಹೊತ್ತ ಹುಡುಗರನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಜಾಗಕ್ಕೆ, ಹೋಗಿದ್ದರು. ಅಲ್ಲಿ ಇವಳ ತಮ್ಮನ ವಯಸ್ಸಿನ ಹುಡುಗನೊಬ್ಬ, "ಅಕ್ಕಾ, ಇಲ್ಲಿದ್ದು ಪಿಯುಸಿ ಪರೀಕ್ಷೆ ಬರೀಬಹುದಾ?" ಎಂದು ಕೇಳಿದ. ಇವಳಿಗೆ ಉತ್ತರ ಗೊತ್ತಿರಲಿಲ್ಲ. ಅವನ ಮೇಲೆ ಏನು ಆರೋಪ ಎಂದು ಯಾರೂ ಹೇಳಲಿಲ್ಲ, ಹೇಳಲೂಬಾರದು. ಆದರೆ ರಾತ್ರಿ ಮೊಬೈಲಿನಲ್ಲಿ ಕ್ರೈಂ ವಿಡಿಯೋ ನೋಡುವ ರೂಢಿ ಇವಳಿಗಿತ್ತು. "ಸಬ್ಜೆಕ್ಟ್ ನಂದೇ ಅಲ್ಲೇನ್ರಿ" ಎಂಬ ಸಮಜಾಯಿಷಿ ಬೇರೆ. ನೋಡಿದ ಪ್ರತಿ ಕೊಲೆಗೂ ಆ ಹುಡುಗನ ಮುಖ ಅಂಟಿಸುತ್ತಿದ್ದಳು. ಈ ಸಬ್ಜೆಕ್ಟ್ ಓದುವ ಮಕ್ಕಳಲ್ಲಿ ಈ ಚಟ ನಾನು ಜಾಸ್ತಿ ನೋಡಿದ್ದೇನೆ. ಅದು ಓದಲ್ಲ.

ಮೊದಲು ಸುಳ್ಳಿನ ವಿಷಯ ಎತ್ತಿಕೊಂಡೆವು. 2015ರ ಬಾಲ ನ್ಯಾಯ ಕಾಯ್ದೆಯನ್ನೇ ತೆರೆದು ಇಬ್ಬರೂ ಓದಿದೆವು. 15ನೇ ಸೆಕ್ಷನ್ ಪ್ರಕಾರ, 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ ಮೊದಲು ಹುಡುಗನನ್ನು ನೋಡುತ್ತದೆ. ಅಂಥ ಕೆಲಸ ಮಾಡುವ ದೇಹಬಲ, ಮನೋಬಲ ಇವನಿಗಿತ್ತೇ? ಪರಿಣಾಮ ತಿಳಿಯುತ್ತಿತ್ತೇ? ಆಮೇಲೆ ಬೇಕೆನಿಸಿದರೆ ದೊಡ್ಡವರಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. ಅದೇ ಕಾಯ್ದೆಯ 21ನೇ ಸೆಕ್ಷನ್ ಮರಣದಂಡನೆ ಬೇಡ ಎನ್ನುತ್ತದೆ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಬೇಡ ಎನ್ನುತ್ತದೆ. ಅವಳ ಎರಡೂ ಅಸೈನ್‌ಮೆಂಟ್ ಒಂದೇ ಕಾಯ್ದೆಯೊಳಗೆ ಕೂತಿದ್ದವು!

"ಸಂಸತ್ತೇ ಎರಡನ್ನೂ ಇಟ್ಟುಕೊಂಡಿದೆ. ನೀನು ಹತ್ತು ಮಾರ್ಕಿನ ಬರಹದಲ್ಲಿ ಒಂದನ್ನು ಅಳಿಸಬೇಕಿತ್ತಾ?" ಅಂದೆ. ನಕ್ಕಳು.

ಅವಳು ಉತ್ತರಿಸಿದ್ದು ಎರಡು ಬೇರೆ ಪ್ರಶ್ನೆಗಳಿಗೆ. ಕಠಿಣ ವಿಚಾರಣೆಯಿಂದ ಅಪರಾಧ ಕಡಿಮೆಯಾಗುತ್ತದಾ? ಇದಕ್ಕೆ ಅಂಕಿಅಂಶ ಹುಡುಕಬೇಕು. ಅಂಥ ವಯಸ್ಸಿನ ಹುಡುಗನಿಗೆ ಇಷ್ಟು ಶಿಕ್ಷೆ ಸಲ್ಲುತ್ತದಾ? ಇದನ್ನು ಯಾವ ಅಂಕಿಅಂಶವೂ ಹೇಳುವುದಿಲ್ಲ, ವಾದ ಮಾಡಿಯೇ ತಿಳಿಯಬೇಕು. 1764ರಲ್ಲಿ ಇಟಲಿಯ ಚಿಂತಕ ಬೆಕಾರಿಯಾ ಇವೆರಡನ್ನೂ ಒಂದೇ ಸಣ್ಣ ಪುಸ್ತಕದಲ್ಲಿ ಕೇಳಿದ್ದ. ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಆಗುತ್ತದೆ ಎಂಬ ಖಾತ್ರಿಯೇ ಅಪರಾಧ ತಡೆಯುತ್ತದೆ ಎಂದಿದ್ದ. ಕ್ರಿಮಿನಾಲಜಿಯ ಮೊದಲ ಪಾಠದಲ್ಲೇ ಅವನ ಹೆಸರಿರುತ್ತದೆ. ಹಾಗಿದ್ದ ಮೇಲೆ ತತ್ವಶಾಸ್ತ್ರ ಬಿಟ್ಟು ಎಲ್ಲಿಗೆ ಹೋಗೋದು?

ಪತ್ರ ಕೊಡಲಿಲ್ಲ. ಬದಲಿಗೆ ಹೇಳಿದ್ದು ಇಷ್ಟು. ರಾತ್ರಿ ಊಟದ ನಂತರ ಕ್ರೈಂ ವಿಡಿಯೋ ಬಂದ್. ಇಂಥ ಭೇಟಿಗೆ ಹೋಗಿ ಬಂದ ದಿನವೇ ಮನಸ್ಸಿಗೆ ಬಂದದ್ದನ್ನು ಬರೆದಿಡಬೇಕು, ಯಾರ ಹೆಸರೂ ಇಲ್ಲದೆ. ಮುಂದಿನ ಬರಹದಲ್ಲಿ ಎದುರು ವಾದಕ್ಕೂ ಒಂದು ಪುಟ ಕೊಡಬೇಕು. ನಿದ್ದೆ ಎರಡು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು. ಮಧ್ಯರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಆ ಹುಡುಗನ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರ ಇದೆ: ಅಲ್ಲಿರುವ ಮಕ್ಕಳಿಗೆ ಓದಿನ ಸೌಲಭ್ಯ ಕೊಡುವುದು ಸಂಸ್ಥೆಯ ಕರ್ತವ್ಯ. ಪರೀಕ್ಷೆಯ ಏರ್ಪಾಡು ಏನೆಂದು ಭೇಟಿಗೆ ಕರೆದೊಯ್ದ ಸರ್ ಅವರನ್ನೇ ವಿಚಾರಿಸು ಅಂದೆ.

ಮನೆಯಲ್ಲಿ ಭಾವ ಪೊಲೀಸ್. "ಪಿಎಸ್ಐ ಆಗೋಳಿಗೆ ತತ್ವಶಾಸ್ತ್ರ ಯಾಕ?" ಎಂಬುದು ಅವರ ವಾದ. ಪಿಎಸ್ಐ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೇ 250 ಅಂಕದ ಪತ್ರಿಕೆ ಇದೆ. ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತತ್ವಶಾಸ್ತ್ರ ಇದೆ, ಕ್ರಿಮಿನಾಲಜಿ ಇಲ್ಲ. ಇದನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಮುಂದಿನ ಭೇಟಿಗೆ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಸರ್ ಇಲಾಖೆಯವರನ್ನು ವಿಚಾರಿಸುತ್ತೇನೆ ಎಂದಿದ್ದರು. ಭಾವ ಚೀಟಿ ಓದಿ, "ನೋಡೋಣ" ಎಂದರಂತೆ.